ವಡ್ಡಾರಾಧನೆಯ ವೀರರು, ಹಾಸಿಗೆಯ ಬಳಿಯ ನಿರ್ಯಾಪಕರು

ಕನ್ನಡ ಗದ್ಯದ ಪ್ರಾಚೀನ ಕೃತಿಗಳಲ್ಲಿ ಅಗ್ರಗಣ್ಯವಾದ ವಡ್ಡಾರಾಧನೆಯನ್ನು ಜೈನ ಮನೆತನಗಳು ಧರ್ಮಕಥೆಗಳ ಸಂಗ್ರಹವೆಂದು ಗೌರವಿಸುತ್ತ ಬಂದಿವೆ. ವಿಶ್ವವಿದ್ಯಾಲಯಗಳು ಹಳಗನ್ನಡ ಗದ್ಯದ ಮಾದರಿಯೆಂದು ಪಾಠ ಹೇಳುತ್ತ ಬಂದಿವೆ. ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಈ ಗ್ರಂಥವನ್ನು ಡಿ. ಎಲ್. ನರಸಿಂಹಾಚಾರ್ ಅವರು 1949ರಲ್ಲಿ ಸಂಪಾದಿಸಿ ಹೊರತಂದ ಮೇಲೆ ಅದರ ಭಾಷೆ, ಕಾಲ, ಕರ್ತೃತ್ವಗಳನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ಗೃಹಸ್ಥನಾದ ಓದುಗನಿಗೆ ಇವುಗಳಿಗಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ. ಈ ಹತ್ತೊಂಬತ್ತು ಕಥೆಗಳು ಮೂಲತಃ ಯಾರು ಯಾರಿಗೆ ಹೇಳಿದ ಮಾತುಗಳು? ಯಾವ ಸ್ಥಳದಲ್ಲಿ, ಯಾವ ಪ್ರಯೋಜನಕ್ಕಾಗಿ ಹೇಳಿದವು?

ಉತ್ತರದ ಸುಳಿವು ಗ್ರಂಥದಲ್ಲಿಯೇ ಇದೆ. ಪ್ರತಿಯೊಂದು ಕಥೆಯ ತಲೆಯಲ್ಲಿ ಒಂದು ಪ್ರಾಕೃತ ಗಾಹೆ ನಿಂತಿದೆ. ಈ ಗಾಹೆಗಳು ಶಿವಾರ್ಯರ ಭಗವತೀ ಆರಾಧನೆಗೆ ಸೇರಿದವು. ಸಮಾಧಿಮರಣವನ್ನೇ ಮುಖ್ಯ ವಿಷಯವಾಗಿ ಉಳ್ಳ ಆ ಮಹಾಗ್ರಂಥದಲ್ಲಿ 'ಕವಚ'ವೆಂಬ ಪ್ರಕರಣವೊಂದಿದೆ. ಸಂಸ್ತರದ ಮೇಲೆ ಮಲಗಿರುವ ಕ್ಷಪಕನು ವೇದನೆಯಿಂದ ಕಂಗೆಟ್ಟಾಗ, ಅವನ ಪಕ್ಕದಲ್ಲಿರುವ ನಿರ್ಯಾಪಕಾಚಾರ್ಯನು ಧೈರ್ಯದ ಮಾತುಗಳನ್ನು ಹೇಳುತ್ತಾನೆ. ಯುದ್ಧಕ್ಕೆ ಹೊರಟ ಯೋಧನಿಗೆ ಕವಚವು ಹೇಗೋ ಹಾಗೆ ಆ ಮಾತುಗಳು ರೋಗಿಯ ಮನಸ್ಸಿಗೆ. ನರಿಯ ಬಾಯಿಗೆ ಸಿಕ್ಕಿಯೂ ಧೈರ್ಯಗೆಡದ ಸುಕುಮಾರಸ್ವಾಮಿ, ರೋಗಗಳ ಹಿಂಡನ್ನೇ ಸಹಿಸಿದ ಸನತ್ಕುಮಾರ ಚಕ್ರವರ್ತಿ ಇವರೆಲ್ಲ ಅಲ್ಲಿ ಒಂದೊಂದು ಗಾಹೆಯಲ್ಲಿ ಬಂದು ಹೋಗುತ್ತಾರೆ. ಅರ್ಥಾತ್, ವಡ್ಡಾರಾಧನೆಯ ಕಥೆಗಳ ಬೀಜವು ಸಭಾಮಂಟಪದ ಪ್ರವಚನವಲ್ಲ. ಸಾಯುತ್ತಿರುವವನ ಹಾಸಿಗೆಯ ಬಳಿ ಕುಳಿತ ಶುಶ್ರೂಷಕನು ಆಡಿದ ಮಾತು.

ಕನ್ನಡದ ಗದ್ಯಕಾರನು ಈ ಬೀಜವನ್ನು ಹೆಮ್ಮರವಾಗಿ ಬೆಳೆಸಿದನು. ಪೂರ್ವಜನ್ಮಗಳ ವೃತ್ತಾಂತ, ನಗರ ವರ್ಣನೆ, ವ್ಯಾಪಾರಿಗಳ ಪಯಣ, ರಾಜರ ಒಳಸಂಚು ಇವುಗಳಿಂದ ಕಥೆಗಳು ತುಂಬಿಕೊಂಡವು. ಕಲೆಯ ದೃಷ್ಟಿಯಿಂದ ಇದು ಮಹತ್ತಾದ ಲಾಭ. ಆದರೆ ಈ ಬೆಳವಣಿಗೆಯಲ್ಲಿ ಒಂದು ವಸ್ತು ಹಿಂದೆ ಉಳಿಯಿತು. ಕಥೆ ಹೇಳಿದವನು ಕಥೆಯಿಂದ ಮರೆಯಾದನು. ಸಂಸ್ತರ, ನೀರಿನ ಪಾತ್ರೆ, ರಾತ್ರಿಯ ಜಾಗರಣೆ, ಮೈಯೊತ್ತುವ ಕೈ ಯಾವುದೂ ಉಳಿಯಲಿಲ್ಲ. ಉಳಿದವನು ಒಬ್ಬ ವೀರ ಮತ್ತು ಅವನ ಉಪಸರ್ಗ.

ಈ ಲೋಪ ಕೇವಲ ಸಾಹಿತ್ಯಕವಾದುದೆಂದು ಭಾವಿಸಬಾರದು. ವಾಸಿಯಾಗದ ಅರ್ಬುದರೋಗದಿಂದ ನರಳುವ ಹಿರಿಯರ ಮುಂದೆ 'ಸನತ್ಕುಮಾರನು ಔಷಧವನ್ನು ಬೇಡವೆಂದನಲ್ಲವೆ?' ಎಂದು ಬಂಧುಗಳು ಹೇಳುವುದುಂಟು. ಸನತ್ಕುಮಾರನ ಬಳಿಗೆ ದೇವತೆಗಳು ವೈದ್ಯರ ವೇಷದಿಂದ ಬಂದುದೂ, ಜನ್ಮರೋಗಕ್ಕೆ ಮದ್ದುಂಟೆ ಎಂದು ಆತನು ಕೇಳಿದುದೂ ಸತ್ಯ. ಆದರೆ ಹಾಗೆ ಕೇಳಿದವನು ಸ್ವತಃ ರೋಗವನ್ನು ಅನುಭವಿಸುತ್ತಿದ್ದ ಮುನಿ; ಆರೋಗ್ಯವಂತನಾದ ನೆಂಟನು ರೋಗಿಗೆ ಹೇಳಿದ ಮಾತು ಅದಲ್ಲ. ಸಹನೆಯು ಸಹಿಸುವವನ ಸ್ವತ್ತು. ಅದನ್ನು ಮತ್ತೊಬ್ಬನ ಮೇಲೆ ಹೊರಿಸಿದಾಗ ಅದು ತಪಸ್ಸಾಗದೆ ಹಿಂಸೆಯಾಗುತ್ತದೆ.

ನಾಲ್ವತ್ತೆಂಟು ಮಂದಿ

ಭಗವತೀ ಆರಾಧನೆಯನ್ನು ಮೂಲದಲ್ಲಿ ಅವಲೋಕಿಸಿದವರಿಗೆ ಎದ್ದು ಕಾಣುವ ಸಂಗತಿಯೆಂದರೆ ಅದರ ವ್ಯವಸ್ಥಾಜ್ಞಾನ. ಒಬ್ಬ ಕ್ಷಪಕನಿಗೆ ನಾಲ್ವತ್ತೆಂಟು ನಿರ್ಯಾಪಕರನ್ನು ಅದು ವಿಧಿಸುತ್ತದೆ; ನಾಲ್ವರಂತೆ ಹನ್ನೆರಡು ಕೆಲಸಗಳಿಗೆ ಅವರನ್ನು ಹಂಚುತ್ತದೆ. ನಾಲ್ವರು ಕ್ಷಪಕನನ್ನು ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು, ಮೈಯೊತ್ತುವುದು ಮುಂತಾದ ಸೇವೆಗೆ. ನಾಲ್ವರು ಧರ್ಮಕಥೆಗೆ. ಆಹಾರಕ್ಕೆ ನಾಲ್ವರು, ಪಾನಕ್ಕೆ ನಾಲ್ವರು, ತಂದುದನ್ನು ಕಾಯಲು ನಾಲ್ವರು. ಮಲಮೂತ್ರಗಳನ್ನು ತೆಗೆದು ಸಂಸ್ತರವನ್ನೂ ವಸತಿಯನ್ನೂ ಶುಚಿಗೊಳಿಸಲು ನಾಲ್ವರು. ಬಾಗಿಲು ಕಾಯುವವರು, ರಾತ್ರಿ ನಿದ್ರೆಗೆಟ್ಟು ಎಚ್ಚರವಾಗಿರುವವರು, ನಾಡಿನ ಕ್ಷೇಮವಾರ್ತೆಯನ್ನು ಗಮನಿಸುವವರು, ನೋಡಲು ಬಂದ ಜನರಿಗೆ ಹೊರಗಡೆಯೇ ಧರ್ಮವನ್ನು ಹೇಳುವವರು, ವಾದಕ್ಕೆ ಬಂದವರನ್ನು ಎದುರಿಸುವವರು, ಹೀಗೆ ಪಟ್ಟಿ ಮುಂದುವರಿಯುತ್ತದೆ. ಮಲಮೂತ್ರ ತೆಗೆಯುವವನೂ ಶಾಸ್ತ್ರವಾದ ಮಾಡುವವನೂ ಒಂದೇ ಪಂಕ್ತಿಯಲ್ಲಿ ನಿಲ್ಲುತ್ತಾರೆಂಬುದು ಗಮನಾರ್ಹ.

ಕಾಲ ಕೆಟ್ಟಾಗ ಸಂಖ್ಯೆಯನ್ನು ನಾಲ್ಕು ನಾಲ್ಕಾಗಿ ಇಳಿಸಲು ಶಿವಾರ್ಯರು ಅನುಮತಿ ಕೊಡುತ್ತಾರೆ. ಕೊನೆಗೆ ಇಬ್ಬರಾದರೂ ಇರಲೇಬೇಕು. ಒಬ್ಬನು ಮಾತ್ರ ಇರಕೂಡದು. ಅದಕ್ಕೆ ಅವರು ಕೊಡುವ ಕಾರಣ ಇಂದಿನ ವೈದ್ಯರೂ ಒಪ್ಪುವಂತಹುದು. ಒಬ್ಬನೇ ಇದ್ದರೆ, ಅವನು ತನ್ನ ಊಟ ವಿಶ್ರಾಂತಿಗಳಿಗೆ ಹೋದಾಗ ಕ್ಷಪಕನ ಕೈಬಿಟ್ಟಂತಾಗುತ್ತದೆ. ಹೋಗದಿದ್ದರೆ ತನ್ನನ್ನೇ ತಾನು ಕೈಬಿಟ್ಟಂತಾಗುತ್ತದೆ. ಎರಡರಲ್ಲಿಯೂ ಧರ್ಮಕ್ಕೆ ಹಾನಿ.

ಈ ವಾಕ್ಯವನ್ನು ಇಂದಿನ ಮನೆಗಳ ಮೇಲೆ ಇಟ್ಟು ನೋಡಬೇಕು. ಮಾವನವರೋ ಅತ್ತೆಯವರೋ ಹಾಸಿಗೆ ಹಿಡಿದಾಗ ನಾಲ್ವತ್ತೆಂಟು ಮಂದಿಯ ಕೆಲಸವನ್ನು ಮಾಡುವವಳು ಪ್ರಾಯಶಃ ಒಬ್ಬಳೇ ಸೊಸೆ. ಅವಳೇ ಅಡಿಗೆ ಮಾಡುವವಳು, ಬಟ್ಟೆ ಒಗೆಯುವವಳು, ರಾತ್ರಿ ಏಳುವವಳು, ನೋಡಲು ಬಂದವರಿಗೆ ಕಾಫಿ ಕೊಡುವವಳು. ಇದನ್ನು ಕುಟುಂಬಗಳು 'ಸೇವಾಭಾಗ್ಯ'ವೆಂದು ಹೊಗಳುತ್ತವೆ. ಶಾಸ್ತ್ರವಾದರೋ ಇದನ್ನು ದೋಷವೆಂದು ಎಣಿಸುತ್ತದೆ.

ಇನ್ನು ಔಷಧದ ವಿಚಾರ. ವೇದನೆಯುಂಟಾದಾಗ ಕಾವು ಕೊಡುವುದು, ಲೇಪ, ತಂಪಿನ ಉಪಚಾರ, ಅಭ್ಯಂಗ, ಅಂಗಮರ್ದನ ಮುಂತಾದ ಪ್ರತೀಕಾರಗಳನ್ನು ಮಾಡಬೇಕೆಂದು ಭಗವತೀ ಆರಾಧನೆ ಹೇಳುತ್ತದೆ. ಕವಚದ ಮಾತು ಈ ಉಪಚಾರಗಳ ಜೊತೆಯಲ್ಲಿ ಬರುವಂತಹುದು. ಅವುಗಳ ಬದಲಿಗೆ ಬರುವಂತಹುದಲ್ಲ. ಕಂಗೆಟ್ಟ ಕ್ಷಪಕನೊಡನೆ ಕಟುವಾಗಿ ಮಾತನಾಡಬಾರದೆಂದೂ, ಮನಸ್ಸನ್ನು ಕಲಕುವ ಖಂಡನ ಮಂಡನದ ಕಥೆಗಳನ್ನು ಅವನಿಗೆ ಹೇಳಬಾರದೆಂದೂ ನಿಯಮವಿದೆ. ಕೈಯಿಂದ ಸೇವೆ ಮಾಡಿದವನಿಗೆ ಮಾತ್ರ ಬಾಯಿಂದ ಉಪದೇಶ ಮಾಡುವ ಅಧಿಕಾರವೆಂಬುದು ಈ ಪ್ರಕರಣದ ಸಾರ.

ಶಿಲೆಗಳ ಸಾಕ್ಷ್ಯ

ಈ ವಿಧಿಗಳು ಗ್ರಂಥದಲ್ಲಿಯೇ ಉಳಿದವೋ, ನಾಡಿನ ಆಚರಣೆಯಲ್ಲಿಯೂ ಬಂದವೋ ಎಂಬ ಸಂದೇಹಕ್ಕೆ ಕರ್ನಾಟಕದ ನಿಷಿಧಿ ಶಾಸನಗಳು ಉತ್ತರ ಕೊಡುತ್ತವೆ. ಡಾ. ಷ. ಶೆಟ್ಟರ್ ಅವರು 'ಇನ್‌ವೈಟಿಂಗ್ ಡೆತ್' ಹಾಗೂ 1990ರ 'ಪರ್ಸ್ಯೂಯಿಂಗ್ ಡೆತ್' ಎಂಬ ಎರಡು ಗ್ರಂಥಗಳಲ್ಲಿ ಈ ಶಾಸನಗಳನ್ನೂ ಆರಾಧನಾ ಗ್ರಂಥಗಳನ್ನೂ ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಬಹುಪಾಲು ಶಿಲೆಗಳಲ್ಲಿ ಮುಡಿಪಿದವರ ಹೆಸರು, ಗುರುಪರಂಪರೆ, ಕಲ್ಲನ್ನು ನಿಲ್ಲಿಸಿದವರ ಹೆಸರು ಕಾಣುತ್ತವೆ. ತುಂಗಭದ್ರಾ ಸೀಮೆಯ ಮಹಾತೀರ್ಥವಾಗಿದ್ದ ಕೊಪಣದಲ್ಲಿ, ಅಂದರೆ ಇಂದಿನ ಕೊಪ್ಪಳದಲ್ಲಿ, ಒಂದು ಶಾಸನ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಸಿಂಹನಂದಿ ಆಚಾರ್ಯರು ಒಂದು ತಿಂಗಳ ಕಾಲ ಇಂಗಿಣೀಮರಣದ ವ್ರತವನ್ನು ಸಾಧಿಸಿದರೆಂದು ಹೇಳಿ, ಸಿಂಹನಂದಿ ಅಣ್ಣ, ಮತಿಸಾಗರ ಅಣ್ಣ, ನರಲೋಕಮಿತ್ರ, ಬ್ರಹ್ಮಚಾರಿ ಅಣ್ಣ ಎಂಬ ನಾಲ್ವರು ಅವರಿಗೆ ವಿನಯವನ್ನು ಮಾಡಿದರೆಂದು ಆ ಶಾಸನ ಹೆಸರು ಹಿಡಿದು ದಾಖಲಿಸುತ್ತದೆ.

ಸಂಖ್ಯೆ ನಾಲ್ಕು ಎಂಬುದು ಆಕಸ್ಮಿಕವಿರಬಹುದು, ಇಲ್ಲದಿರಬಹುದು. ಇಂಗಿಣೀಮರಣದಲ್ಲಿ ಪರರ ಸೇವೆಗೆ ಅವಕಾಶವಿಲ್ಲವೆಂಬ ಶಾಸ್ತ್ರನಿಯಮವೂ ಉಂಟು. ಅಂತಹ ಕಠಿಣ ವ್ರತದಲ್ಲಿಯೂ ನಾಲ್ವರು ಹತ್ತಿರದಲ್ಲಿದ್ದರು ಎಂಬುದೇ ವಿಶೇಷ. ಕಂಡರಿಸಿದವನಿಗೆ ಆ ಹೆಸರುಗಳು ಬರೆಯತಕ್ಕವೆಂದು ತೋರಿದುವು. ಆತನ ದೃಷ್ಟಿಯಲ್ಲಿ ಸಿಂಹನಂದಿಗಳ ಮರಣವು ಒಬ್ಬರ ಸಾಧನೆಯಾಗಿರಲಿಲ್ಲ, ಐವರ ಸಾಧನೆಯಾಗಿತ್ತು. ವಡ್ಡಾರಾಧನೆಯ ವಿಸ್ತಾರದಲ್ಲಿ ಮರೆಯಾದುದನ್ನು ಈ ಚಿಕ್ಕ ಶಾಸನ ಉಳಿಸಿಕೊಂಡಿದೆ.

ಇದಕ್ಕೆ ವಿರುದ್ಧವಾದ ಪಾಠವನ್ನು ಶ್ರವಣಬೆಳಗೊಳದ ಪ್ರಸಿದ್ಧ ಶಾಸನವೊಂದು ಕಲಿಸುತ್ತದೆ. ಹೊಯ್ಸಳ ವಿಷ್ಣುವರ್ಧನನ ಅರಸಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾನು ಉಳಿಯಲಾರೆನೆಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ವ್ರತವನ್ನು ಸ್ವೀಕರಿಸಿ, ಒಂದು ತಿಂಗಳು ಅನಶನದಿಂದಿದ್ದು ದೇಹವನ್ನು ಬಿಟ್ಟಳೆಂದು ಶಿಲೆ ಹೇಳುತ್ತದೆ. ಆಕೆಯ ಭಕ್ತಿ, ಸ್ಥೈರ್ಯಗಳನ್ನು ಅಳೆಯುವ ಅಧಿಕಾರ ಇಂದಿನ ಯಾವ ವಿಮರ್ಶಕನಿಗೂ ಇಲ್ಲ. ಆದರೆ ಶಿಲೆಯನ್ನು ವಿಧಿವಾಕ್ಯವೆಂದು ಓದುವವರಿಗೆ ಒಂದು ಎಚ್ಚರಿಕೆ ಅವಶ್ಯ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವು ಸಲ್ಲೇಖನೆಗೆ ಹೇಳುವ ಕಾರಣಗಳು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಪುತ್ರಶೋಕವು ಆ ಪಟ್ಟಿಯಲ್ಲಿಲ್ಲ. ಮರಣವನ್ನು ಬಯಸುವುದನ್ನೂ ಪ್ರಿಯರ ಸ್ಮರಣೆಯಲ್ಲಿ ಸಿಲುಕುವುದನ್ನೂ ಶಾಸ್ತ್ರವು ಅತಿಚಾರಗಳಲ್ಲಿ ಎಣಿಸಿದೆ. ಮಕ್ಕಳನ್ನು ಕಳೆದುಕೊಂಡ ತಾಯಿಯೊಬ್ಬಳು ಇಂದು 'ನಾನೂ ಉಳಿಯಲಾರೆ' ಎಂದರೆ, ಆ ಮಾತಿಗೆ ಸುತ್ತಲಿನವರು ಕೊಡಬೇಕಾದುದು ಶಾಸನದ ಉದಾಹರಣೆಯಲ್ಲ. ತಮ್ಮ ಹಗಲು ರಾತ್ರಿಗಳನ್ನು.

ಅಳುವವರನ್ನು ಗದರಿಸುವ ವಾಡಿಕೆ

ದುಃಖಿತ ಕುಟುಂಬದ ಮುಂದೆ ಇನ್ನೊಂದು ಮಾತು ಪದೇ ಪದೇ ಕೇಳಿಬರುತ್ತದೆ. ಶೋಕ, ಆಕ್ರಂದನಗಳಿಂದ ಅಸಾತಾವೇದನೀಯ ಕರ್ಮದ ಆಸ್ರವವಾಗುತ್ತದೆ, ಆದುದರಿಂದ ಅಳಬಾರದು ಎಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಮುಂದಿಡುತ್ತಾರೆ. ಸೂತ್ರವು ಹಾಗೆ ಹೇಳುವುದು ನಿಜ. ಆದರೆ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಇದೇ ಸೂತ್ರಕ್ಕೆ ಬರೆದ ವಿವರಣೆಯನ್ನೂ ಓದಬೇಕು. ದುಃಖವೇ ಕರ್ಮಬಂಧಕ್ಕೆ ಕಾರಣವಾದರೆ ಉಪವಾಸ, ಕೇಶಲೋಚಗಳ ಗತಿಯೇನೆಂಬ ಪ್ರಶ್ನೆಯನ್ನು ಅವರೇ ಎತ್ತಿ, ಒಳಗಿನ ಕ್ರೋಧಾದಿಗಳ ಆವೇಶವೇ ಇಲ್ಲಿ ನಿರ್ಣಾಯಕವೆಂದು ಉತ್ತರಿಸುತ್ತಾರೆ. ಮುನಿಯ ಕುರುವನ್ನು ಶಸ್ತ್ರದಿಂದ ಸೀಳುವ ದಯಾಳುವಾದ ವೈದ್ಯನಿಗೆ, ನೋವು ಉಂಟಾದರೂ, ಪಾಪಬಂಧವಿಲ್ಲವೆಂಬ ದೃಷ್ಟಾಂತವನ್ನೂ ಕೊಡುತ್ತಾರೆ. ಈ ನ್ಯಾಯದಂತೆ ನೋಡಿದರೆ, ತಾಯಿಯನ್ನು ಕಳೆದುಕೊಂಡ ಮಗಳ ಕಣ್ಣೀರಿಗಿಂತ ಆ ಕಣ್ಣೀರನ್ನು ಕಂಡು ಗದರಿಸುವವನ ಕಠೋರತೆಯೇ ಹೆಚ್ಚು ವಿಚಾರಣೀಯ.

ವಡ್ಡಾರಾಧನೆಗೆ ಸಲ್ಲಬೇಕಾದ ಮನ್ನಣೆಯನ್ನು ಇಲ್ಲಿ ಸಲ್ಲಿಸಲೇಬೇಕು. ಭದ್ರಬಾಹು ಭಟಾರರ ಕಥೆಯಲ್ಲಿ ಸಂಘವೆಲ್ಲ ದಕ್ಷಿಣಕ್ಕೆ ನಡೆದರೂ ಸಂಪ್ರತಿ ಚಂದ್ರಗುಪ್ತ ಮುನಿಯು ಗುರುವನ್ನು ಬಿಟ್ಟು ಹೋಗದೆ ಉಳಿದು ಶುಶ್ರೂಷೆ ಮಾಡುತ್ತಾನೆ. ಗುರು ಮುಡಿಪಿದ ಮೇಲೆ ಅವರ ನಿಷಿಧಿಯನ್ನು ವಂದಿಸುತ್ತ ಅಲ್ಲಿಯೇ ಇರುತ್ತಾನೆ. ಬರಗಾಲ ಕಳೆದು ಸಂಘವು ಹಿಂದಿರುಗಿದಾಗ ಅವನನ್ನು ಅಲ್ಲಿಯೇ ಕಾಣುತ್ತದೆ. ಹತ್ತೊಂಬತ್ತು ಕಥೆಗಳ ಸಾಲಿನಲ್ಲಿ, ಸಾಯುವವನ ಪಕ್ಕದಲ್ಲಿದ್ದು ಆಮೇಲೆ ಉಳಿದುಕೊಂಡವನ ದೀರ್ಘಕಾಲವನ್ನು ಇಷ್ಟು ಗೌರವದಿಂದ ಕಂಡ ಭಾಗ ಇದು. ಶೋಕವು ಹದಿಮೂರು ದಿನಗಳಲ್ಲಿ ಮುಗಿಯುವ ವ್ಯವಹಾರವಲ್ಲವೆಂಬುದನ್ನು ಕನ್ನಡದ ಈ ಗದ್ಯಕಾರನು ಬಲ್ಲವನಾಗಿದ್ದನು.

ಕೆಂಚನಗುಡ್ಡದ ಮನೆಗೆ ಇದರ ಪ್ರಯೋಜನ

ನಿರ್ಯಾಪಕರ ಕೆಲಸವನ್ನು ಸಂಸ್ಥೆಯಾಗಿ ಕಟ್ಟುವ ಪ್ರಯತ್ನ ಆಧುನಿಕ ಕಾಲದಲ್ಲಿ 'ಹಾಸ್ಪಿಸ್' ಎಂಬ ಹೆಸರಿನಿಂದ ಬಂದಿತು. 1967ರಲ್ಲಿ ಸಿಸಿಲಿ ಸಾಂಡರ್ಸ್ ಅವರು ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಸ್ಥಾಪಿಸಿದರು. ಮುಂಬಯಿಯ ಶಾಂತಿ ಆವೇದನಾ 1986ರಲ್ಲಿ ಪ್ರಾರಂಭವಾಯಿತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ 1999ರಿಂದ 'ಕರುಣಾಶ್ರಯ'ದ ಕಟ್ಟಡದಲ್ಲಿ, ಚಿಕಿತ್ಸೆಯಿಂದ ಗುಣವಾಗುವ ಹಂತವನ್ನು ದಾಟಿದ ಅರ್ಬುದರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿದೆ. ಹಾಸ್ಪಿಸ್ ಎಂಬುದು ಸಾವನ್ನು ಬೇಗ ತರುವ ಸ್ಥಳವಲ್ಲ, ಸಾವನ್ನು ಮುಂದೂಡುವ ಸ್ಥಳವೂ ಅಲ್ಲ; ಉಳಿದ ದಿನಗಳ ನೋವು, ಉಸಿರಿನ ಕಷ್ಟ, ಭಯಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯ ಸ್ಥಳ. ಅದು ಸಲ್ಲೇಖನೆಯೂ ಅಲ್ಲ. ಸಲ್ಲೇಖನೆ ಎಚ್ಚರವುಳ್ಳವನು ತಾನಾಗಿ ಸ್ವೀಕರಿಸುವ ವ್ರತ. ಅಂತ್ಯಕಾಲದಲ್ಲಿ ದೇಹವು ತಾನಾಗಿಯೇ ಅನ್ನನೀರುಗಳನ್ನು ಬೇಡವೆನ್ನುವುದು ರೋಗಧರ್ಮ. ಅದನ್ನು ವ್ರತವೆಂದು ಊರಿಗೆ ಸಾರುವುದು ಸತ್ಯಾಣುವ್ರತಕ್ಕೆ ಭಂಗ.

ಸಿರುಗುಪ್ಪದ ಬಳಿ ತುಂಗಭದ್ರೆಯ ದಡದಲ್ಲಿ, ವಸುಧೇಂದ್ರತೀರ್ಥರ ವೃಂದಾವನವಿರುವ ಕೆಂಚನಗುಡ್ಡದಂತಹ ಊರಿಗೆ ಕರುಣಾಶ್ರಯವು 300 ಕಿಲೋಮೀಟರಿಗೂ ಹೆಚ್ಚು ದೂರ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಸುಲಭದ ದಾರಿಯಲ್ಲ. ಆದಕಾರಣ ಇಂತಹ ಊರುಗಳಲ್ಲಿ ಮನೆಯೇ ಆರೈಕೆಯ ಸ್ಥಳವಾಗಬೇಕು. ಅದಕ್ಕೆ ಬೇಕಾದುದು ಬಹಳವಿಲ್ಲ. ತಲೆಯ ಭಾಗ ಎತ್ತರಿಸಬಹುದಾದ ಮಂಚ, ಗಾಳಿ ತುಂಬಿದ ಹಾಸಿಗೆ, ಮಲವಿಸರ್ಜನೆಯ ಕುರ್ಚಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನಿನ ಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದು. ಒಣಗಿದ ಬಾಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿರಬೇಕು. ನುಂಗಲಾರದವರಿಗೆ ಬಲವಂತದಿಂದ ಗಂಜಿ ಹುಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವುಂಟು. ಇವೆಲ್ಲ ಭಗವತೀ ಆರಾಧನೆಯ ಮೊದಲ ನಾಲ್ವರ ಮತ್ತು ಶುಚಿಕಾರ್ಯದ ನಾಲ್ವರ ಕೆಲಸಗಳೇ ಆಗಿವೆ.

ತೀವ್ರ ನೋವಿಗೆ ವೈದ್ಯರು ಮಾರ್ಫೀನ್ ಸೂಚಿಸಿದಾಗ ಮನೆಯವರು ಅಫೀಮಿನ ವಸ್ತುವೆಂದು ಹಿಂಜರಿಯುತ್ತಾರೆ. ಚಟವಾಗುವುದೆಂದೂ, ಕೊನೆಗಾಲದ ಎಚ್ಚರ ತಪ್ಪುವುದೆಂದೂ ಅಂಜುತ್ತಾರೆ. ಅಳತೆಯಿಂದ ಆರಂಭಿಸಿ ನೋವಿಗೆ ತಕ್ಕಂತೆ ಪ್ರಮಾಣವನ್ನು ನಿರ್ಧರಿಸುವುದು ಉಪಶಾಮಕ ವೈದ್ಯರ ಕ್ರಮ. ಮೊದಲ ಕೆಲವು ದಿನಗಳ ಮಂಪರು ಸಾಮಾನ್ಯವಾಗಿ ಇಳಿಯುತ್ತದೆ. ಮಲಬದ್ಧತೆಗೆ ಜೊತೆಯಲ್ಲಿಯೇ ಔಷಧ ಬೇಕಾಗುತ್ತದೆ. ಎಚ್ಚರವನ್ನು ಕೆಡಿಸುವುದರಲ್ಲಿ ಅಸಹ್ಯ ವೇದನೆಯೇ ಮುಂದು. ನೋವು ತಗ್ಗಿದ ರೋಗಿಯು ಣಮೋಕಾರವನ್ನು ಕೇಳಬಲ್ಲನು, ಬಂಧುಗಳಲ್ಲಿ ಕ್ಷಮೆ ಬೇಡಬಲ್ಲನು, ಕ್ಷಮಿಸಬಲ್ಲನು. ಸಮಂತಭದ್ರರು ಗೃಹಸ್ಥನ ಅಂತ್ಯಕ್ಕೆ ವಿಧಿಸಿದುದೂ ಪ್ರಿಯವಚನಗಳಿಂದ ನಡೆಯುವ ಆ ಕ್ಷಮಾಪಣೆಯನ್ನೇ. 1985ರ ಮಾದಕ ವಸ್ತುಗಳ ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ವೈದ್ಯಸಂಸ್ಥೆಗಳು ಮಾರ್ಫೀನ್ ಒದಗಿಸುವ ಕ್ರಮ ಸರಳವಾಗಿದೆ.

ಕಾನೂನಿನ ವಿಷಯದಲ್ಲಿ ಗೊಂದಲ ಬೇಡ. ಸಲ್ಲೇಖನೆಯನ್ನು ಅಪರಾಧವೆಂದ ರಾಜಸ್ಥಾನ ಉಚ್ಚ ನ್ಯಾಯಾಲಯದ 2015ರ ಆಗಸ್ಟ್ ತಿಂಗಳ ತೀರ್ಪಿಗೆ ಸರ್ವೋಚ್ಚ ನ್ಯಾಯಾಲಯವು ಅದೇ ತಿಂಗಳ ಕೊನೆಯಲ್ಲಿ ತಡೆಯಾಜ್ಞೆ ಕೊಟ್ಟಿತು. ಅದು ಒಂದು ವಿಷಯ. ಗುಣವಾಗುವ ಆಶೆಯಿಲ್ಲದಾಗ ಯಂತ್ರಗಳಿಂದ ಜೀವವನ್ನು ಎಳೆದು ನಿಲ್ಲಿಸಬೇಡಿರೆಂದು ಮುಂಚಿತವಾಗಿ ಬರೆದಿಡುವ ಹಕ್ಕು ಬೇರೊಂದು ವಿಷಯ. ಅದನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಮಾನ್ಯಮಾಡಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳೊಡನೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಮಾಡಿದರೆ ಸಾಕೆಂದಿತು. ಇದನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಹಿರಿಯರು ಬುದ್ಧಿ ಸ್ಥಿರವಿರುವಾಗಲೇ ತಮ್ಮ ಇಚ್ಛೆಯನ್ನು ಬರೆದಿಟ್ಟರೆ ಮಕ್ಕಳ ಮೇಲಿನ ದೊಡ್ಡ ಭಾರ ಇಳಿಯುತ್ತದೆ.

ಉಳಿದವರ ಲೆಕ್ಕ

ಮರಣಾನಂತರದ ಕೆಲಸಗಳಿಗೂ ನಿರ್ಯಾಪಕರು ಬೇಕು. ಭಗವತೀ ಆರಾಧನೆಯ ಕಡೆಯ ಪ್ರಕರಣಗಳಲ್ಲಿ ಒಂದಾದ 'ವಿಜಹಣೆ'ಯು ದೇಹವನ್ನು ಏನು ಮಾಡಬೇಕು, ಸಂಘವು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಹೇಳುತ್ತದೆ. ಉಳಿದವರ ಕೈಗೆ ಕೆಲಸ ಕೊಡುತ್ತದೆ. ಇಂದಿನ ಕುಟುಂಬದ ಕೈಗೆ ಬರುವುದು ಕಾಗದಗಳು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ತಡವಾದಷ್ಟೂ ತೊಡಕು. ಪ್ರಮಾಣಪತ್ರದ ಹಲವು ಪ್ರತಿಗಳು ಬೇಕಾಗುತ್ತವೆ. ಬ್ಯಾಂಕಿನ ನಾಮಿನಿ, ವಿಮೆ, ಪಿಂಚಣಿ, ಜಮೀನಿನ ಪೌತಿ ಖಾತೆ ಇವುಗಳಿಗೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಒಬ್ಬಳೇ ಕಚೇರಿಯಿಂದ ಕಚೇರಿಗೆ ಅಲೆಯುವುದು ಸಮಾಜಕ್ಕೆ ಶೋಭೆಯಲ್ಲ. ಲೆಕ್ಕಪತ್ರ ಬಲ್ಲ ವ್ಯಾಪಾರಿಗಳಿರುವ ಸಮಾಜದಲ್ಲಿ ಇದು ಒಂದು ದಿನದ ಸೇವೆ. ತಿಂಗಳುಗಳು ಕಳೆದರೂ ನಿದ್ರೆ ಬಾರದವರು, ಬದುಕು ಬೇಡವೆನ್ನುವವರು ಕನ್ನಡದಲ್ಲಿಯೇ ಮಾತನಾಡಲು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯಿದೆ, ಕರೆಗೆ ಹಣವಿಲ್ಲ.

ಬಸದಿಯ ಟ್ರಸ್ಟುಗಳು ಮಾಡಬಹುದಾದುದು ಸ್ಪಷ್ಟವಾಗಿದೆ. ಒಂದು ಮಂಚ, ಒಂದು ಗಾಳಿಹಾಸಿಗೆ, ಒಂದು ಕುರ್ಚಿಯನ್ನು ಕೊಂಡು, ಬೇಕಾದ ಮನೆಗೆ ಕೊಟ್ಟು ಹಿಂದಕ್ಕೆ ಪಡೆಯುವ ವ್ಯವಸ್ಥೆ ಒಂದು. ಜಾತಿ ಮತಗಳನ್ನು ಕೇಳದೆ ಕೊಡುವುದು ಅದರ ನಿಯಮ. ರೋಗಿಯಿರುವ ಮನೆಗೆ ಸರದಿಯಿಂದ ಇಬ್ಬಿಬ್ಬರನ್ನು ಕಳಿಸುವುದು ಎರಡು. ಸೊಸೆಯು ನಾಲ್ಕು ಗಂಟೆ ಮಲಗಬೇಕು. ಸಾವಾದ ಮನೆಗೆ ಮೂರನೆಯ ತಿಂಗಳಿನಲ್ಲಿಯೂ ಆರನೆಯ ತಿಂಗಳಿನಲ್ಲಿಯೂ ಯಾರಾದರೂ ಹೋಗಿ ಕುಳಿತು ಬರುವುದು ಮೂರು. ತತ್ತ್ವಾರ್ಥಸೂತ್ರವು ವೈಯಾವೃತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಿ, ಅದಕ್ಕೆ ಪಾತ್ರರಾದವರ ಸಾಲಿನಲ್ಲಿ 'ಗ್ಲಾನ'ನನ್ನು, ಅಂದರೆ ರೋಗಿಯನ್ನು, ಹೆಸರಿಸಿದೆ. ಸೂತ್ರವು ಹೇಳುವುದು ಮುನಿಸಂಘವನ್ನು ಕುರಿತಾದರೂ ಅದರ ಭಾವವನ್ನು ಗೃಹಸ್ಥರು ಸ್ವೀಕರಿಸಲು ಅಡ್ಡಿಯಿಲ್ಲ.

ವಡ್ಡಾರಾಧನೆಯನ್ನು ಓದುವುದನ್ನು ಯಾರೂ ಬಿಡಬೇಕಾಗಿಲ್ಲ. ಅದನ್ನು ಭಗವತೀ ಆರಾಧನೆಯ ನಿರ್ಯಾಪಕ ಪ್ರಕರಣದೊಡನೆ ಸೇರಿಸಿ ಓದಬೇಕು. ರೋಗಿಯ ಕೋಣೆಗೆ ಕಥೆಯನ್ನು ಒಯ್ಯುವವರು ಬಿಸಿನೀರನ್ನೂ ಬಟ್ಟೆಯನ್ನೂ ಒಯ್ಯಬೇಕು. ಬಸದಿಗಳ ಗೋಡೆಗಳ ಮೇಲೆ ಹಣ ಕೊಟ್ಟವರ ಹೆಸರುಗಳು ಸಾಕಷ್ಟಿವೆ. ಕೊಪಣದ ಶಿಲೆಯಲ್ಲಿ ಆ ನಾಲ್ವರ ಹೆಸರು ನಿಂತಿರುವುದು ಹಣ ಕೊಟ್ಟುದಕ್ಕಾಗಿ ಅಲ್ಲ, ಒಂದು ತಿಂಗಳು ಒಬ್ಬರ ಪಕ್ಕದಲ್ಲಿ ಇದ್ದುದಕ್ಕಾಗಿ.